ಬರೀ ತಗಡಿಗೆ ಬ್ರೇಕ್ ಒತ್ತುವ ಚಾಲಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಡಿಪೋದಿಂದ ಹೊರಟ ಮೊದಲ ಬಸ್ಸಿನಲ್ಲಿ, ಮುಂಬಾಗಿಲ ಪಕ್ಕದ ಸೀಟಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹಿರಿಯರೊಬ್ಬರು ಕಣ್ಣು ಮಿಟುಕಿಸದೆ ರಸ್ತೆ ನೋಡುತ್ತಿದ್ದಾರೆ. ತಿರುವು ಬಂದರೆ ಅವರ ಭುಜ ವಾಲುತ್ತದೆ. ಯಾರಾದರೂ ಅಡ್ಡ ಬಂದರೆ ಬಲಗಾಲು ನೆಲವನ್ನು ಒತ್ತುತ್ತದೆ. ಅಲ್ಲೆಲ್ಲಿದೆ ಬ್ರೇಕು, ಬರೀ ತಗಡು. ಬ್ರೇಕಿರುವುದು ಸ್ಟಿಯರಿಂಗ್ ಹಿಡಿದ ಅವರ ಮಗಳ ಕಾಲಡಿಯಲ್ಲಿ.

"ಅಣ್ಣಾ, ಟಿಕೆಟ್ ಸೀಟಿಗೆ ಮಾತ್ರ. ಬ್ರೇಕಿಗೆ ಬೇರೆ ಆಗುತ್ತೆ," ಎಂದು ಕಂಡಕ್ಟರ್ ಕಾಲೆಳೆಯುತ್ತಾನೆ. ಅವರು ನಗುವುದಿಲ್ಲ.

ಇದೇ ಮಾರ್ಗದಲ್ಲಿ ಮೂವತ್ತೆರಡು ವರ್ಷ, ದಿನಕ್ಕೆ ಎಂಟು ಟ್ರಿಪ್ಪು ಓಡಿಸಿದ ಜೀವ ಅದು. ನಿವೃತ್ತಿಯ ದಿನ ಡಿಪೋದವರು ಹೊಗಳಿ ಅಟ್ಟಕ್ಕೇರಿಸಿದರು. ಮರುದಿನದಿಂದಲೇ ಪೇಚಾಟ ಶುರು. ಹೆಂಡತಿ ಬಿಸಿ ಪಾತ್ರೆ ಹಿಡಿದು ತಿರುಗಿದರೂ ಇವರು "ನಿಧಾನ, ನಿಧಾನ" ಎನ್ನುತ್ತಿದ್ದರಂತೆ. "ಈ ಅಡುಗೆಮನೇಲಿ ನಾನು ಇವತ್ತಿನವರೆಗೂ ಒಂದು ಅಪಘಾತ ಮಾಡಿಲ್ಲ. ದಯವಿಟ್ಟು ಹೊರಗೆ ಹೋಗಿ," ಎಂದು ಆಕೆ ಕೈಮುಗಿದರು.

ಹೊರಗೆ ಎಂದರೆ ಎಲ್ಲಿಗೆ? "ರಜಾ ಅಂದ್ರೆ ಮತ್ತೆ ಕೆಲಸಕ್ಕೆ ಹೋಗೋದಿರುತ್ತೆ. ಇದು ರಜಾ ಅಲ್ಲ," ಎನ್ನುತ್ತಾರೆ ಅವರು. "ಎದ್ದ ತಕ್ಷಣ ಬಸ್ ತಪ್ಪಿಹೋಯ್ತೇನೋ ಅಂತ ಎದೆ ಢವಢವ ಅನ್ನುತ್ತೆ. ಆಮೇಲೆ ನೆನಪಾಗುತ್ತೆ, ಅದು ನಾನಿಲ್ದೇನೂ ಹೊರಡುತ್ತೆ ಅಂತ. ಅದು ಇನ್ನೂ ಕಷ್ಟ."

ಮಗಳಿಗೆ ಅದೇ ಮಾರ್ಗ ಸಿಕ್ಕಿದ ಮೇಲೆ ಈ ಮೊದಲ ಟ್ರಿಪ್ಪೇ ಅವರ ದಿನಕ್ಕೆ ಆಧಾರ. ಈಗ ಅದಕ್ಕೂ ಸಂಚಕಾರ ಬಂದಿದೆ. ನಿನ್ನೆ ಇಳಿಜಾರಿನಲ್ಲಿ ಅವರು "ಬ್ರೇಕ್, ಬ್ರೇಕ್" ಎಂದು ಕೂಗಿದ ಹೊಡೆತಕ್ಕೆ ಬಸ್ಸಿಗೆ ಬಸ್ಸೇ ಬೆಚ್ಚಿಬಿತ್ತು. "ಅಪ್ಪಾ, ನಿಮ್ಮ ಭಯ ನನ್ನ ಕೈಗೆ ಬರುತ್ತೆ. ಇನ್ನೊಂದ್ಸಲ ಕೂಗಿದ್ರೆ ಬಸ್ ಹತ್ತಿಸಲ್ಲ," ಎಂದಿದ್ದಾಳೆ ಮಗಳು.

ಹಾಗಾಗಿ ಇಂದು ಬಾಯಿಗೆ ಬೀಗ. ಅದೇ ಇಳಿಜಾರು ಬರುತ್ತದೆ. ಹಾಲಿನ ಗಾಡಿಯ ಮರೆಯಿಂದ ಸೈಕಲ್ಲೊಂದು ನುಗ್ಗುತ್ತದೆ. ಅವರು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಕಾಲು ಒತ್ತಲು ಹೋಗುತ್ತಾರೆ. ಅಷ್ಟರಲ್ಲಿ ಬಸ್ಸು ನಿಂತಾಗಿದೆ. ಯಾರೂ ಮುಗ್ಗರಿಸಿಲ್ಲ. ಸೈಕಲ್ಲಿನವನು ಕೈಯೆತ್ತಿ ಹೋಗುತ್ತಾನೆ.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರೂ ಅವರು ಏಳುವುದಿಲ್ಲ. "ಏನಪ್ಪಾ, ಇವತ್ತು ಮಾತೇ ಇಲ್ಲ?" ಎಂದು ಮಗಳು ಕೇಳುತ್ತಾಳೆ.

"ನನ್ನ ಕಾಲಿಗಿಂತ ಮೊದಲೇ ನೀನು ನಿಲ್ಲಿಸಿಬಿಟ್ಟೆ ಕಣಮ್ಮ," ಎನ್ನುತ್ತಾರೆ. ಹೆಮ್ಮೆಯಿಂದ ಏರಿದ ದನಿ ಹೆದರಿಕೆಯಿಂದ ಅರ್ಧಕ್ಕೇ ಇಳಿಯುತ್ತದೆ. ಇನ್ನು ತಾನು ಇಲ್ಲಿ ಯಾತಕ್ಕೆ ಬೇಕು? ಸ್ವಲ್ಪ ಹೊತ್ತು ಕರವಸ್ತ್ರ ಮಡಿಸುತ್ತಾರೆ.

"ನಿನ್ನ ಕಾವಲಿಗೆ ಅಂತ ಬರ್ತಿದ್ದೆ. ಅದು ನಿನಗೆ ಬೇಕಾಗಿಲ್ಲ. ನಾಳೆ ಸುಮ್ನೆ ಬರಬಹುದಾ? ಹಿಂದಿನ ಸೀಟಾದ್ರೂ ಪರವಾಗಿಲ್ಲ."