ಅಡುಗೆಯವನ ವಿಯೆನ್ನಾ

ಎಂಬತ್ತರ ದಶಕದಲ್ಲಿ ಜಿದ್ದಾದಲ್ಲಿ ಕೂತು ನಾನು ಯುರೋಪನ್ನು ಮಾರುತ್ತಿದ್ದೆ. ಜಂಬದ ಮಾತಲ್ಲ, ನನ್ನ ಹೊಟ್ಟೆಪಾಡೇ ಅದು. ಒಂದು ಟ್ರಾವೆಲ್ ಆಫೀಸಿನ ಕೌಂಟರು. ಬೇಸಿಗೆ ಬಂತೆಂದರೆ ಸೌದಿ ಕುಟುಂಬಗಳು ಬಿಸಿಲಿಗೆ ಬೆದರಿ ತಂಪು ಊರು ಹುಡುಕಿಕೊಂಡು ಬರುತ್ತಿದ್ದವು. ಅವರಿಗೆ ನಾನು ಬಣ್ಣದ ಪುಸ್ತಿಕೆ ಬಿಡಿಸಿ ವಿಯೆನ್ನಾ ತೋರಿಸುತ್ತಿದ್ದೆ. ಮೊದಲ ದಿನ ಗೈಡ್ ಜೊತೆ ಹಳೆಯ ನಗರ, ಚಕ್ರವರ್ತಿಗಳ ಬೇಸಿಗೆ ಅರಮನೆ. ಮರುದಿನ ಊರ ಹೊರಗಿನ ಕಾಡು, ಗುಡ್ಡದ ಮೇಲಿನ ಹಳ್ಳಿಗಳು. ಆಮೇಲೆ ಡಾನ್ಯೂಬ್ ನದಿಯಲ್ಲಿ ದೋಣಿ, ದಂಡೆಯಲ್ಲಿ ಪಾಳುಬಿದ್ದ ಕೋಟೆಗಳು. ಅರಮನೆಯಲ್ಲಿ ಕನ್ನಡಿಗಳ ಕೋಣೆ ಯಾವುದು, ಪಿಂಗಾಣಿಯ ಕೋಣೆ ಯಾವುದು ಎಂಬುದೆಲ್ಲ ನನಗೆ ಬಾಯಿಪಾಠ. ಮಂಗಳೂರಿನಲ್ಲಿ ಬಿ.ಕಾಂ. ಮಾಡುವಾಗ ಇಷ್ಟು ಓದಿದ್ದರೆ ಎಲ್ಲೋ ಬ್ಯಾಂಕ್ ಮ್ಯಾನೇಜರ್ ಆಗಿರುತ್ತಿದ್ದೆ.

ಆದರೆ ನನ್ನ ಇಕಾಮಾದಲ್ಲಿ, ಅಂದರೆ ಆ ದೇಶದಲ್ಲಿರಲು ಕೊಟ್ಟ ಪರವಾನಗಿಯಲ್ಲಿ, ಉದ್ಯೋಗ ‘ತಬ್ಬಾಖ್’ ಎಂದಿತ್ತು. ಅಡುಗೆಯವ. ನಮ್ಮವರಲ್ಲಿ ಇದು ಹೊಸತೇನಲ್ಲ. ನಮ್ಮನ್ನು ಕರೆಸಿಕೊಳ್ಳುವ ಅರಬ ಧಣಿಯ, ಅಂದರೆ ಕಫೀಲನ, ಬಳಿ ಯಾವ ವೀಸಾ ಉಳಿದಿದೆಯೋ ಅದರಲ್ಲಿ ಬಂದು ಇಳಿಯುವುದು, ಆಮೇಲೆ ಅವನು ಹೇಳಿದ ಕೆಲಸ ಮಾಡುವುದು. ಪಕ್ಕದ ಬಿಲ್ಡಿಂಗಿನಲ್ಲಿದ್ದ ಅಕೌಂಟೆಂಟ್ ಕಾಗದದ ಪ್ರಕಾರ ಕುರಿ ಕಾಯುವವ. ಒಬ್ಬರಿಗೊಬ್ಬರು ತಮಾಷೆ ಮಾಡಿಕೊಂಡು ಸುಮ್ಮನಿರುತ್ತಿದ್ದೆವು. ಅಡುಗೆಯವನಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಕ್ಕಿರಲಿಲ್ಲ. ಆಫೀಸಿನ ಮಾಲೀಕನೇ ಆಗಿದ್ದ ನನ್ನ ಕಫೀಲ್ ತನ್ನ ವಶೀಲಿ ಬಳಸಿ ನನ್ನ ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಟ್ಟಿದ್ದ. ಕೆಟ್ಟ ಮನುಷ್ಯನಲ್ಲ. ಆದರೆ ಉಪಕಾರ ಮಾಡಿದವನ ಎದುರು ‘ಇಲ್ಲ’ ಎಂಬ ಮಾತು ಗಂಟಲಲ್ಲೇ ಒಣಗುತ್ತದೆ.

ಒಂದು ವರ್ಷ ಅವನು ನನ್ನನ್ನು ಒಳಗೆ ಕರೆದು, ಈ ಸಲ ನೀನೂ ನಮ್ಮ ಜೊತೆ ವಿಯೆನ್ನಾಕ್ಕೆ ಬರುತ್ತೀ ಎಂದ. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಷ್ಟು ವರ್ಷ ಮಾರಿದ ಸರಕನ್ನು ಒಮ್ಮೆ ಕಣ್ಣಾರೆ ನೋಡು ಎಂದು ಕರೆದೊಯ್ಯುತ್ತಿದ್ದಾನೆ ಅಂದುಕೊಂಡೆ. ಅವನ ಲೆಕ್ಕ ಬೇರೆ ಇತ್ತು. ಮನೆಯವರಿಗೆ ಅಲ್ಲಿನ ಊಟ ಒಗ್ಗುವುದಿಲ್ಲ, ಬಾಡಿಗೆಗೆ ಹಿಡಿದ ಮನೆಯಲ್ಲಿ ಅಡುಗೆಮನೆ ಇದೆ, ವೀಸಾ ಕೊಡುವವರು ಇವನು ಯಾರು ಎಂದು ಕೇಳಿದರೆ ಇಕಾಮಾವೇ ಉತ್ತರ ಹೇಳುತ್ತದೆ. “ನೀನು ಅಡುಗೆಯವನೇ ಅಲ್ಲವಾ?” ಎಂದು ಕೇಳಿದ. ವ್ಯಂಗ್ಯವಿರಲಿಲ್ಲ. ಆ ಉದ್ಯೋಗ ತಾನೇ ಬರೆಸಿದ್ದು ಎಂಬುದು ಅವನಿಗೆ ಮರೆತೇ ಹೋಗಿತ್ತು.

ನನಗೆ ನೆಟ್ಟಗೆ ಚಹಾ ಮಾಡಲು ಬರುತ್ತಿರಲಿಲ್ಲ. ಸಂಜೆ ಹೆಂಡತಿಗೆ ಹೇಳಿದಾಗ ಅವಳು ಮೊದಲು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, “ಬನ್ನಿ, ಈರುಳ್ಳಿ ಹೆಚ್ಚುವುದರಿಂದ ಸುರು ಮಾಡುವಾ” ಅಂದಳು. ಮಾಂಸ ಬೇಯಿಸಿದ ನೀರಿನಲ್ಲೇ ಅಕ್ಕಿ ಬೇಯಿಸುವ ಅರಬರ ಕಬ್ಸಾವನ್ನು ಅವಳು ನೆರೆಯ ಯಮನಿ ಹೆಂಗಸಿನಿಂದ ಕಲಿತು ನನಗೆ ಕಲಿಸಿದಳು. ಮಗಳು ಸ್ಕೂಲಿಗೆ ಹೋದ ಹೊತ್ತು ನೋಡಿ ನಮ್ಮ ಪಾಠ. ಮೂರು ಸಲ ತಳ ಹಿಡಿಸಿದೆ. ನಾಲ್ಕನೆಯದು ತಿನ್ನುವ ಹಾಗಿತ್ತು.

ವಿಯೆನ್ನಾದಲ್ಲಿ ಕಫೀಲನ ಮನೆಮಂದಿ, ತಂಗಿಯ ಮನೆಮಂದಿ ಎಲ್ಲ ಸೇರಿ ಒಂದು ಮಿನಿಬಸ್. ಮುಂದೆ ಮಡಚಿದ ಕೊಡೆ ಹಿಡಿದ ಎತ್ತರದ ಗೈಡ್ ಹೆಂಗಸು. ಅವಳ ಇಂಗ್ಲಿಷನ್ನು ಅರಬಿಗೆ ತಿರುಗಿಸುವ ಕೆಲಸವೂ ನನಗೇ ಬಿತ್ತು. ಮೈಕ್ ಕೈಗೆ ಬಂದಾಗ ನಾನು ಬೇರೆಯೇ ಮನುಷ್ಯ. ಅವಳು ಹೇಳಲು ಮರೆತದ್ದನ್ನೂ ಪುಸ್ತಿಕೆಯಿಂದ ಸೇರಿಸುತ್ತಿದ್ದೆ. ಗುಡ್ಡದ ಹಳ್ಳಿಯಲ್ಲಿ ಅವಳು ಹೊಸ ವೈನಿನ ಬಗ್ಗೆ ಮುಗಿಯದ ಭಾಷಣ ಮಾಡಿದಳು. ನಾನು “ಇದು ದ್ರಾಕ್ಷಿ ತೋಟ, ದ್ರಾಕ್ಷಿ ಬಹಳ ಸಿಹಿ” ಎಂದು ಮುಗಿಸಿದೆ. ಅವಳು ನನ್ನನ್ನು ಅನುಮಾನದಿಂದ ನೋಡಿದಳು.

ಬಸ್ಸು ನಿಂತ ಕೂಡಲೇ ಮೈಕ್ ಹೋಗಿ ಪಾತ್ರೆ ಬರುತ್ತಿತ್ತು. “ಯಲ್ಲಾ, ಅನ್ನ ಇಳಿಸು.” ಜಿದ್ದಾದ ಆಫೀಸಿನಲ್ಲಿ ನಾನು ಕಫೀಲನನ್ನು ‘ಮುದೀರ್’ ಅನ್ನುತ್ತಿದ್ದೆ, ಮ್ಯಾನೇಜರನ್ನು ಕರೆಯುವ ಹಾಗೆ. ವಿಯೆನ್ನಾದಲ್ಲಿ ಮನೆಯಾಳುಗಳು ಕರೆಯುವಂತೆ ‘ಬಾಬಾ’ ಅನ್ನತೊಡಗಿದೆ. ಯಾರೂ ಹೇಳಿಕೊಡಲಿಲ್ಲ, ನನ್ನ ನಾಲಿಗೆಯೇ ಕಲಿತುಕೊಂಡಿತು. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅರಮನೆಯ ಬಾಗಿಲಲ್ಲಿ ಟಿಕೇಟು ಮನೆಮಂದಿಗೆ ಮಾತ್ರ ತೆಗೆದರು. ಪಾತ್ರೆಗಳು, ಮಕ್ಕಳ ತಳ್ಳುಗಾಡಿ, ಚೀಲಗಳನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ. ಮರುವರ್ಷವೂ ಕರೆದುಕೊಂಡು ಹೋದರು, ಆಗಲೂ ಹಾಗೆಯೇ ಆಯಿತು. ಕನ್ನಡಿಗಳ ಕೋಣೆಯ ಬಗ್ಗೆ ಅಷ್ಟು ಮಾತಾಡಿದ ನಾನು ಆ ಅರಮನೆಯ ಹೊಸ್ತಿಲು ದಾಟಿಲ್ಲ.

ಜಿದ್ದಾದ ನಮ್ಮವರಿಗೆ ಇದೆಲ್ಲ ಗೊತ್ತಿರಲಿಲ್ಲ. ಎರಡು ಸಲ ವಿಯೆನ್ನಾಕ್ಕೆ ಹೋದ, ಟ್ರಾವೆಲ್ ಆಫೀಸಿನವ, ಅಂದಮೇಲೆ ಗೈಡ್ ಆಗಿಯೇ ಹೋಗಿರಬೇಕು ಎಂದು ಅವರೇ ತೀರ್ಮಾನಿಸಿದರು. ಅವರ ಮಾತನ್ನು ತಿದ್ದುವಷ್ಟು ಧೈರ್ಯ ನನಗಿರಲಿಲ್ಲ. ಎಂಟು ವರ್ಷದ ಮಗಳಂತೂ ಸ್ಕೂಲಿನಲ್ಲೆಲ್ಲ “ಮೈ ಫಾದರ್ ಈಸ್ ಎ ಗೈಡ್” ಎಂದು ಸಾರಿಕೊಂಡು ಬಂದಿದ್ದಳು. ಹೆಂಡತಿ ಒಮ್ಮೆ ನನ್ನ ಕಡೆ ನೋಡಿದಳು.

ಶುಕ್ರವಾರ ಶರಫಿಯಾ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ಕಡೆಯ ಹಾಜಿಯವರ ಮನೆಯಲ್ಲಿ ಕರಾವಳಿಯವರೆಲ್ಲ ಸೇರುತ್ತಿದ್ದೆವು. ಬ್ಯಾರಿಗಳು, ಕೊಂಕಣಿಯವರು, ತುಳುವರು, ಯಾನ್ಬುವಿನ ರಿಫೈನರಿಯಿಂದ ಬರುತ್ತಿದ್ದ ಒಬ್ಬ ಉಡುಪಿಯವರು. ಎಲ್ಲರಿಗೂ ಹೊಂದುವ ಭಾಷೆ ಅಂದರೆ ಕನ್ನಡ. ಗಂಡಸರು ಹಾಲ್‌ನಲ್ಲಿ, ಹೆಂಗಸರು ಪರದೆಯ ಆಚೆಗಿನ ಕೋಣೆಯಲ್ಲಿ, ಮಕ್ಕಳು ಎಲ್ಲೆಲ್ಲೂ. ಆ ವರ್ಷ ಹಾಜಿಯವರಿಗೆ ಮನೆಯವರನ್ನು ಯುರೋಪಿಗೆ ಕರೆದುಕೊಂಡು ಹೋಗುವ ಉಮೇದು ಬಂದಿತ್ತು. ಇನ್ನೆರಡು ಕುಟುಂಬಗಳೂ ಹೊರಟಿದ್ದವು. “ನೀವು ಒಮ್ಮೆ ಇಲ್ಲಿಯೇ ಟೂರ್ ಮಾಡಿಸಿ ಮಾರಾಯ್ರೆ, ಮತ್ತೆ ನಾವು ನಿಮ್ಮನ್ನೇ ಗೈಡ್ ಅಂತ ಕರ್ಕೊಂಡು ಹೋಗುವುದು. ನಿಮ್ಮ ಕಫೀಲನ ಹತ್ರ ನಾನು ಮಾತಾಡ್ತೇನೆ” ಎಂದರು. ಆ ಮಾತು ಕೇಳಿ ನನಗೆ ರೋಮಾಂಚನವಾಯಿತು. ಈ ಸಲ ಟಿಕೇಟು ಹಿಡಿದು ಒಳಗೆ ಹೋಗಬಹುದು, ಮಗಳ ಬಾಯಿಂದ ಬಂದ ಮಾತು ಸುಳ್ಳಾಗುವುದಿಲ್ಲ. ನನಗೆ ಬೇಕಿದ್ದದ್ದು ಅಷ್ಟೇ.

ಹಾಗಾಗಿ ಶುಕ್ರವಾರಕ್ಕೆ ಆಫೀಸಿನಿಂದ ವಿಡಿಯೋ ಕ್ಯಾಸೆಟ್ ತಂದೆ. ಕಫೀಲನ ದೊಡ್ಡ ಮಗ ವಿಯೆನ್ನಾದಲ್ಲಿ ಹೆಗಲ ಮೇಲೆ ಕ್ಯಾಮೆರಾ ಹೊತ್ತು ತಿರುಗಿ ತೆಗೆದದ್ದು. ಪುಸ್ತಿಕೆಗಿಂತ ಇದು ಒಳ್ಳೆಯದೆಂದು ಗಿರಾಕಿಗಳಿಗೂ ಅದನ್ನೇ ಹಾಕಿ ತೋರಿಸುತ್ತಿದ್ದೆವು. ಅರಮನೆಯ ಒಳಗಿನ ಭಾಗ ಮುಗಿಯುವಷ್ಟರಲ್ಲಿ ಗಿರಾಕಿ ಬುಕ್ ಮಾಡಿಬಿಡುತ್ತಿದ್ದ, ನಾವು ಕ್ಯಾಸೆಟ್ ನಿಲ್ಲಿಸಿಬಿಡುತ್ತಿದ್ದೆವು. ಅದರ ಮುಂದೆ ಏನಿದೆ ಎಂದು ನಾನು ನೋಡಿಯೇ ಇರಲಿಲ್ಲ.

ಊಟ ಆಯಿತು. ಮಕ್ಕಳು ಟಿವಿಯ ಎದುರು ಕಾರ್ಪೆಟ್ಟಿನ ಮೇಲೆ ಕೂತರು, ಮಗಳು ಎಲ್ಲರಿಗಿಂತ ಮುಂದೆ. ನಾನು ಪಕ್ಕದಲ್ಲಿ ನಿಂತು ಕೈಯಲ್ಲಿ ಸ್ಕೇಲು ಹಿಡಿದು ಶುರುಮಾಡಿದೆ. ಪರದೆಯ ಆಚೆಗಿನವರಿಗೂ ಕೇಳಲೆಂದು ದನಿ ಎತ್ತರಿಸಿದೆ. ಇದು ಕನ್ನಡಿಗಳ ಕೋಣೆ, ಇಲ್ಲಿ ಚಕ್ರವರ್ತಿಯ ಮಂತ್ರಿಗಳು ಪ್ರಮಾಣ ಮಾಡುತ್ತಿದ್ದರು. ಇದು ನೃತ್ಯದ ಹಾಲ್, ಮೇಲೆ ನೋಡಿ ಚಿತ್ರ. ಉಡುಪಿಯವರು “ಎಂತ ಜ್ಞಾಪಕಶಕ್ತಿ ಮಾರಾಯ್ರೆ!” ಅಂದರು. ಮಗಳು ಹಿಂದೆ ತಿರುಗಿ ಎಲ್ಲರ ಮುಖ ನೋಡಿದಳು. ಅಷ್ಟು ಹೆಮ್ಮೆಯ ಮುಖವನ್ನು ನಾನು ಅವಳಲ್ಲಿ ಮತ್ತೆ ನೋಡಿಲ್ಲ.

ಮುಂದಿನ ದೃಶ್ಯ ಏನೆಂದು ಗೊತ್ತಿಲ್ಲದೆ “ಈಗ ತೋಟಕ್ಕೆ ಬರುತ್ತೇವೆ” ಅಂದೆ. ಕ್ಯಾಮೆರಾ ಅರಮನೆಯ ಬಾಗಿಲು ದಾಟಿ ಬಿಸಿಲಿಗೆ ಬಂತು. ಮೆಟ್ಟಿಲ ಕೆಳಗೆ, ತಳ್ಳುಗಾಡಿಗಳ ನಡುವೆ, ಪಾತ್ರೆಗೆ ಆತುಕೊಂಡು ಒಬ್ಬ ನಿದ್ದೆ ಹೋಗಿದ್ದ. ಬಾಯಿ ತೆರೆದಿತ್ತು, ಹೊಟ್ಟೆಯ ಮೇಲೆ ಏಪ್ರನ್ನು. ಕ್ಯಾಮೆರಾ ಅವನ ಮುಖದ ಹತ್ತಿರ ಹೋಯಿತು. ಕಫೀಲನ ಚಿಕ್ಕ ಮಗ ಅವನ ಕಿವಿಯ ಬಳಿ ಬಾಗಿ “ಯಾ ತಬ್ಬಾಖ್!” ಎಂದು ಕಿರುಚಿದ. ಅವನು ಬೆಚ್ಚಿಬಿದ್ದು ಎದ್ದು, ಕೈ ಒರೆಸಿಕೊಂಡು, “ಹಾಜರ್ ಬಾಬಾ, ಹಾಜರ್” ಎಂದು ಪಾತ್ರೆಯ ಮುಚ್ಚಳ ತೆಗೆಯತೊಡಗಿದ. ಕ್ಯಾಮೆರಾದ ಹಿಂದಿನಿಂದ ನಗು.

ನಾನು ಸ್ಕೇಲು ಹಿಡಿದೇ ನಿಂತಿದ್ದೆ. ಯಂತ್ರ ನಿಲ್ಲಿಸುವ ಗುಂಡಿ ಯಾವುದೆಂದು ಕೈಗೆ ತಿಳಿಯಲಿಲ್ಲ. ಹಾಲ್‌ನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಉಡುಪಿಯವರು ತಮ್ಮ ಕಾಲಿನ ಉಗುರು ಪರೀಕ್ಷಿಸುತ್ತಿದ್ದರು.  ಪರದೆಯ ಆಚೆಗಿದ್ದವರಿಗೆ ಚಿತ್ರ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳಿಸಿತ್ತು, ಆದರೆ ನನ್ನ ದನಿ ಗುರುತಿಸದವರು ಯಾರಿದ್ದರು? ನನ್ನ ಹೆಂಡತಿ ಅವರೆಲ್ಲರ ನಡುವೆ ಕೂತಿದ್ದಳು.

ಹಾಜಿಯವರು ಒಳ್ಳೆಯವರು. ನನ್ನ ಮಾನ ಉಳಿಸಲೆಂದೇ ಗಂಟಲು ಸರಿಮಾಡಿಕೊಂಡು, “ಅಡುಗೆಯೂ ಬರ್ತದಾ ನಿಮ್ಗೆ? ಅಲ್ಹಮ್ದುಲಿಲ್ಲಾ! ಹಾಗಾದ್ರೆ ನಮ್ಗೆ ಊಟದ ಚಿಂತೆಯೇ ಇಲ್ಲ” ಎಂದರು. ಎಲ್ಲರಿಗೂ ಉಸಿರು ಬಂದಂತಾಯಿತು. ಹೌದು ಹೌದು ಅಂದರು. ಪರದೆಯ ಆಚೆಯಿಂದ ಹಾಜಿಯವರ ಹೆಂಡತಿ, “ಮಕ್ಕಳಿಗೆ ಗಂಜಿ ಮಾಡಿಕೊಟ್ರೆ ಸಾಕು, ನಾವು ಹೆಂಗಸರು ಒಳಗೆ ಹೋಗಿ ಆರಾಮವಾಗಿ ನೋಡಿ ಬರಬಹುದು” ಎಂದು ಕೂಗಿ ಹೇಳಿದರು. ಅದರಲ್ಲಿ ಕುಹಕ ಇರಲಿಲ್ಲ, ದೇವರಾಣೆಗೂ ಇರಲಿಲ್ಲ. ಅವರು ನನ್ನನ್ನು ಕರೆದ ಕೆಲಸ ಕಣ್ಣೆದುರೇ ಬದಲಾಗಿಹೋಯಿತು, ಮತ್ತು ಅದು ಬದಲಾಯಿತೆಂದು ನನ್ನ ಹೊರತು ಯಾರಿಗೂ ಅನಿಸಲಿಲ್ಲ. ನಾನು “ಇನ್ಶಾ ಅಲ್ಲಾ, ನೋಡುವಾ” ಅಂದೆ. ಅಷ್ಟು ಜನರೆದುರು ನಿಂತು ನನ್ನಿಂದ ಆದದ್ದು ಅಷ್ಟೇ.  

ಟ್ಯಾಕ್ಸಿಯಲ್ಲಿ ನಾನು ಮುಂದೆ, ಹೆಂಡತಿ, ಮಗಳು ಹಿಂದೆ.  ಮಗಳು ಬೈಯಲಿ, ಅಳಲಿ, ನೀವು ಯಾಕೆ ಸುಳ್ಳು ಹೇಳಿದ್ದು ಎಂದು ಕೇಳಲಿ ಎಂದು ಕಾಯುತ್ತಿದ್ದೆ. ಉತ್ತರವನ್ನೂ ಹೊಂದಿಸಿಟ್ಟುಕೊಂಡಿದ್ದೆ. ಇಕಾಮಾ, ಕಫೀಲ್, ವೀಸಾ, ಎಲ್ಲವನ್ನೂ ಮಕ್ಕಳಿಗೆ ಅರ್ಥವಾಗುವ ಹಾಗೆ. ಅವಳು ಮುಂದೆ ಬಾಗಿ ನನ್ನ ಸೀಟಿನ ಮೇಲೆ ಗಲ್ಲ ಇಟ್ಟಳು.

“ಉಪ್ಪಾ, ಹಾಜಿಯವರು ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗ್ತೀರಾ? ನಂಗೆ ಟಿಕೇಟು ಬೇಡ. ಅವರೆಲ್ಲ ಒಳಗೆ ಹೋದಾಗ ನಾನು ನಿಮ್ಮೊಟ್ಟಿಗೆ ಹೊರಗೆ ಕೂತ್ಕೊಳ್ತೇನೆ.”

ಹಿಂದಿನ ಸೀಟಿನಲ್ಲಿ ಹೆಂಡತಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಹೊಂದಿಸಿಟ್ಟ ಉತ್ತರದ ಒಂದು ಮಾತೂ ಉಪಯೋಗಕ್ಕೆ ಬರಲಿಲ್ಲ. ನನಗಾಗಿ ಹೊರಗೆ ಕೂರುವುದಕ್ಕೆ ನನ್ನ ಎಂಟು ವರ್ಷದ ಮಗಳು ಇಷ್ಟು ಸಲೀಸಾಗಿ ಒಪ್ಪಿಕೊಂಡಿದ್ದಳು, ಅದನ್ನು ಅವಳಿಗೆ ಕಲಿಸಿದವನು ನಾನು.