ಕರ್ತನ ಮೇಜಿನ ಕಲ್ಲಿನಲ್ಲಿದ್ದ ಸುರುಳಿ

ನನ್ನ ಕೈಬರಹ ಚೆನ್ನಾಗಿಲ್ಲ. ಸಾಲು ಎಡಗಡೆಯಿಂದ ನೆಟ್ಟಗೆ ಹೊರಟರೂ ಬಲಗಡೆಗೆ ಬರುವಷ್ಟರಲ್ಲಿ ಕೆಳಗಿಳಿದಿರುತ್ತದೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟದ್ದರಿಂದ ನನ್ನ ಹತ್ತಿರ ಪದಗಳೂ ಕಡಿಮೆ. ಓದುವವರು ಮನ್ನಿಸಬೇಕು. ನಮ್ಮ ಸಭೆಯ ಕೈಬರಹದ ಪತ್ರಿಕೆಗೆ ನಮ್ಮಲ್ಲೇ ಒಬ್ಬರ ಬಗ್ಗೆ ಬರೆಯಿರಿ ಎಂದು ಪಾದ್ರಿಗಳು ಹೇಳಿದಾಗ ನನಗೆ ದೊಡ್ಡಮ್ಮನನ್ನು ಬಿಟ್ಟು ಯಾರೂ ನೆನಪಾಗಲಿಲ್ಲ. ಇದರಲ್ಲಿ ನಾನು ಕಂಡದ್ದು ಸ್ವಲ್ಪ, ಅವಳು ಹೇಳಿದ್ದೇ ಹೆಚ್ಚು.

ದೊಡ್ಡಮ್ಮ ಕಲ್ಲಿಗೆ ಹೊಳಪು ಕೊಡುವವಳು. ಇಪ್ಪತ್ತೆರಡು ವರ್ಷದಿಂದ ಒಂದೇ ಕಾರ್ಖಾನೆ. ಮೊಣಕಾಲುದ್ದದ ರಬ್ಬರ್ ಬೂಟು, ಮುಂದೆ ಪ್ಲಾಸ್ಟಿಕ್ ಹೊದಿಕೆ, ಒಂದು ಕೈಯಲ್ಲಿ ಗಿರ್ರನೆ ತಿರುಗುವ ಯಂತ್ರ, ಇನ್ನೊಂದರಲ್ಲಿ ನೀರಿನ ಪೈಪು. ಯಂತ್ರಕ್ಕೆ ಹಾಕುವ ಉಜ್ಜುವ ಬಿಲ್ಲೆಯನ್ನು ಒರಟಿನಿಂದ ನಯವಾದದ್ದರವರೆಗೆ ಏಳು ಸಲ ಬದಲಿಸಬೇಕು. ಕಲ್ಲು ಸವೆದ ನೀರು ಹಾಲಿನ ಹಾಗೆ ಮೋರಿಗೆ ಹರಿಯುತ್ತಿರುತ್ತದೆ. ಬಿರುಕು ಹುಡುಕಲು ಅವಳಿಗೆ ಕಣ್ಣು ಬೇಡ, ಉಗುರಿನ ಬೆನ್ನನ್ನು ಕಲ್ಲಿನ ಮೇಲೆ ಎಳೆದರೆ ಸಾಕು. ಬಿರುಕು ಸಿಕ್ಕಿದರೆ ಅದೇ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುತ್ತಾಳೆ. ಒಣಗಿಸಿ ಉಜ್ಜಿದ ಮೇಲೆ ಕಲ್ಲು ಯಾವುದು, ತೇಪೆ ಯಾವುದು ಎಂದು ಯಜಮಾನನಿಗೂ ತಿಳಿಯುವುದಿಲ್ಲ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅವಳು ಮೊದಲು ಕಲಿಸುವುದು ಒಂದೇ: "ಬೂದು ಕಲ್ಲು ನೀರು ಕುಡಿಯುತ್ತೆ, ತೇಪೆ ಕುಡಿಯಲ್ಲ. ಮೇಲೆ ಎಣ್ಣೆ ಬಳಿಯದೆ ಕಳಿಸಿದ್ರೋ, ಮೊದಲ ಸಲ ಒರೆಸಿದಾಗಲೇ ನಿಮ್ಮ ಮರ್ಯಾದೆ ಮೂರಾಬಟ್ಟೆ."

ಅವಳಿಗೊಬ್ಬಳು ಮಗಳಿದ್ದಳು. ಏಳನೇ ವಯಸ್ಸಿನಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಹೋದಳು. ಹನ್ನೆರಡು ವರ್ಷವಾಯಿತು. ದೊಡ್ಡಮ್ಮ ಅವಳನ್ನು 'ಇದ್ದಳು' ಎನ್ನುವುದಿಲ್ಲ. ಹೋದ ವರ್ಷ "ಅವಳಿಗೀಗ ಹದಿನೆಂಟು" ಎನ್ನುತ್ತಿದ್ದಳು. ನಮ್ಮ ಗ್ರಂಥದ ಕೊನೆಯ ಪುಟಗಳಲ್ಲಿ ಸಾವು ಇಲ್ಲದ ಒಂದು ಕಾಲದ ಮಾತಿದೆ. ಮಗಳನ್ನು ಆಗ ನೋಡುತ್ತೇನೆ ಎನ್ನುವ ನಂಬಿಕೆಯೊಂದನ್ನೇ ಹಿಡಿದು ಅವಳು ದಿನಾ ಬೆಳಿಗ್ಗೆ ಎದ್ದು ಬೂಟು ಹಾಕಿಕೊಳ್ಳುತ್ತಾಳೆ.

ಭಾನುವಾರ ಕರ್ತನ ನೆನಪಿಗೆ ನಾವೆಲ್ಲ ರೊಟ್ಟಿ ಹಂಚಿಕೊಳ್ಳುವ ಸಭೆಯ ಹಳೆಯ ಮರದ ಮೇಜಿಗೆ ಹೋದ ವರ್ಷ ಹುಳ ಬಿದ್ದಿತು. ಕಲ್ಲಿನ ಮೇಜು ಮಾಡಿಸೋಣ ಎಂದರು. "ಹೊಳಪು ನಾನೇ ಕೊಡ್ತೀನಿ, ಬೇರೆಯವರು ಮುಟ್ಟೋದು ಬೇಡ" ಎಂದು ದೊಡ್ಡಮ್ಮ ಹಟ ಹಿಡಿದಳು. ಬೂದು ಬಣ್ಣದ ಚಪ್ಪಡಿ ಬಂತು. ಮೂರನೇ ಬಿಲ್ಲೆ ಹಾಕಿ ಉಜ್ಜುತ್ತಿದ್ದಾಗ ಕಲ್ಲಿನ ನಟ್ಟನಡುವೆ ಏನೋ ತೆರೆದುಕೊಂಡಿತು. ಅಂಗೈಯಗಲದ ಸುರುಳಿ. ಒಳಗೆ ಗೂಡುಗೂಡಾಗಿ ಟೊಳ್ಳು. ಯಾರೋ ಕೂತು ಕೊರೆದಷ್ಟು ಅಚ್ಚುಕಟ್ಟು.

ಕಲ್ಲು ಕತ್ತರಿಸುವವನು ಹತ್ತಿರ ಬಂದು ಬಗ್ಗಿದ. ಕಿವಿಗೆ ಸದಾ ರೇಡಿಯೋ ಅಂಟಿಸಿಕೊಂಡಿರುವುದರಿಂದ ಅವನ ಹೆಸರೇ ರೇಡಿಯೋ ಎಂದಾಗಿದೆ.

"ಏನಕ್ಕಾ, ನಿಮ್ಮ ದೇವರ ಊಟಕ್ಕೆ ಕರೆಯದೇ ಇರೋ ನೆಂಟರು ಬಂದಿದ್ದಾರೆ?"

"ಏನೋ ಇದು?"

"ಕಡಲ ಪ್ರಾಣಿ. ಸತ್ತು ಕಲ್ಲಾಗಿದೆ. ಹದಿನೈದು ಕೋಟಿ ವರ್ಷ ಆಗಿರಬಹುದು."

"ಕೋಟಿ ಅನ್ನೋದು ನಿನಗೆ ಬಾಯಿ ಚಪಲ."

"ನಾನಲ್ಲಕ್ಕಾ, ರೇಡಿಯೋದಲ್ಲಿ ಓದಿಕೊಂಡವರು ಹೇಳಿದ್ದು. ನಿಮ್ಮ ದರ್ಜಿ ತಾತ ಭೂಮಿಗೆ ಎಷ್ಟು ವರ್ಷ ಅಂತಾರೆ?"

"ಆರು ಸಾವಿರ."

"ಹಾಗಾದ್ರೆ ಭೂಮಿ ಹುಟ್ಟೋ ಮುಂಚೆ ಇದು ಎಲ್ಲಿ ಈಜ್ತಿತ್ತು ಅಂತ ತಾತನ್ನೇ ಕೇಳಿ ನೋಡಿ." ಅವನು ನಗುತ್ತಾ ಹೊರಟುಹೋದ.

ಅವನಿಗೆ ಅದು ತಮಾಷೆ. ದೊಡ್ಡಮ್ಮನಿಗೆ ಅಲ್ಲ. ದರ್ಜಿ ತಾತ ನಮ್ಮ ಸಭೆಯ ಹಿರಿಯರು. ಗ್ರಂಥದಲ್ಲಿರುವ ತಂದೆ ಮಕ್ಕಳ ವಯಸ್ಸನ್ನೆಲ್ಲ ಕೂಡಿಸಿ, ಸೃಷ್ಟಿಯಾಗಿ ಆರು ಸಾವಿರ ವರ್ಷ ಎಂದು ಅವರು ಎಷ್ಟೋ ಭಾನುವಾರ ಹೇಳಿದ್ದಾರೆ. ಹೇಳಿ ಮುಗಿಸುವಾಗ ತಮ್ಮ ಅಂಗಿಯ ಅಂಚನ್ನು ಎತ್ತಿ ತೋರಿಸುವುದು ರೂಢಿ: "ಮೊದಲನೇ ಹೊಲಿಗೆ ಬಿಚ್ಚಿದ್ರೆ ಕೊನೇದರವರೆಗೂ ಬಿಚ್ಚಿಕೊಂಡು ಬರುತ್ತೆ. ಮೊದಲನೇ ಪುಟ ಸುಳ್ಳಾದ್ರೆ ಕೊನೇ ಪುಟವೂ ಸುಳ್ಳು."

ಕೊನೆಯ ಪುಟದಲ್ಲಿ ಅವಳ ಮಗಳಿದ್ದಳು.

ಯಂತ್ರ ನಿಲ್ಲಿಸಿ ಅವಳು ಸುತ್ತ ನೋಡಿದಳು. ಎಲ್ಲರೂ ಊಟಕ್ಕೆ ಹೋಗಿದ್ದರು. ಕಲ್ಲಿನ ಪುಡಿ ಕೂಡಿಸಿದಳು, ಅಂಟು ಕಲಸಿದಳು, ಸುರುಳಿಯ ಒಂದೊಂದೇ ಗೂಡನ್ನು ತುಂಬಿದಳು. ಎರಡು ಸಲ ಡಬ್ಬಿ ಉರುಳಿತು. ಒಣಗಿದ ಮೇಲೆ ಉಳಿದ ಬಿಲ್ಲೆಗಳನ್ನೂ ಹಾಕಿ ಉಜ್ಜಿದಳು. ಸುರುಳಿ ಮಾಯವಾಯಿತು. ಬೇಗ ಲಾರಿಗೆ ಏರಿಸಿ ಕಳಿಸಿಬಿಟ್ಟರೆ ಸಾಕೆನ್ನುವ ಆತುರದಲ್ಲಿ, ಎಲ್ಲರಿಗೂ ಕಲಿಸುವ ಪಾಠವನ್ನು ತಾನೇ ಮರೆತಳು. ಎಣ್ಣೆ ಬಳಿಯಲಿಲ್ಲ.

ಆಮೇಲಿನ ಎಂಟು ದಿನ ಅವಳು ಊಟವನ್ನು ತಟ್ಟೆಯಲ್ಲಿ ಅತ್ತಿಂದಿತ್ತ ಸರಿಸಿದ್ದಷ್ಟೇ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಸುರುಳಿಯೇ ಕಾಣುತ್ತಿತ್ತು. ಕಣ್ಣು ತೆರೆದರೆ ಅದಕ್ಕಿಂತ ಕಷ್ಟ. ಬಸ್ ನಿಲ್ದಾಣದ ನೆಲದಲ್ಲೊಂದು ಚಿಪ್ಪು, ಆಸ್ಪತ್ರೆಯ ಮೆಟ್ಟಿಲಲ್ಲಿ ಎಲುಬಿನಂಥದ್ದೊಂದು ಗೆರೆ. ಇಷ್ಟು ವರ್ಷ ತಾನೇ ಉಜ್ಜಿದ ಕಲ್ಲುಗಳಲ್ಲಿ ಇವೆಲ್ಲ ಇದ್ದವೇ, ತನಗೆ ಕಾಣಲೇ ಇಲ್ಲವೇ? ಅವಳು ರಸ್ತೆಯಲ್ಲಿ ಕಾಲು ಎತ್ತೆತ್ತಿ ಇಡತೊಡಗಿದಳು. "ಏನು ದೊಡ್ಡಮ್ಮ, ಕಾಲಿಗೆ ಮುಳ್ಳು ಚುಚ್ಚಿತಾ?" ಎಂದು ನಾನು ಕೇಳಿದರೆ "ಹೂಂ" ಎಂದಳು. ಒಂದು ಸಂಜೆ ಮಗಳ ಕೂದಲಿನ ಕ್ಲಿಪ್ಪನ್ನು ಮುಷ್ಟಿಯಲ್ಲಿ ಹಿಡಿದು ಗೋಡೆ ನೋಡುತ್ತಾ ಕೂತಿದ್ದಳು. ಆ ಹೊತ್ತಿನಲ್ಲಿ ಅವಳು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದದ್ದು ಇಷ್ಟೇ: ಮಗು ಎಲ್ಲಿಯೂ ಇಲ್ಲವೇ?

ಶನಿವಾರ ಮಧ್ಯಾಹ್ನ ಸಭೆಯ ಹೆಂಗಸರು ಹೊಸ ಮೇಜನ್ನು ತೊಳೆಯಲು ಸೇರಿದರು. ದೊಡ್ಡಮ್ಮನೂ ಬಂದಿದ್ದಳು, ನಾನು ಕಿಟಕಿ ಒರೆಸುತ್ತಿದ್ದೆ. ದರ್ಜಿ ತಾತನ ಹೆಂಡತಿ ಬಟ್ಟೆ ಅದ್ದಿ ಕಲ್ಲಿನ ಮೇಲೆ ಎಳೆದರು. ಕಲ್ಲು ನೀರು ಕುಡಿದು ಕಪ್ಪಾಯಿತು. ನಡುವೆ ಮಾತ್ರ ಒಂದು ಸುರುಳಿ ಬೆಳ್ಳಗೆ ಉಳಿಯಿತು.

"ಅಯ್ಯಯ್ಯೋ, ಹಾವು!" ಎಂದು ಆ ಅಜ್ಜಿ ಬಕೆಟ್ಟನ್ನೇ ಬೀಳಿಸಿದರು.

ಗಲಾಟೆ ಕೇಳಿ ಪಾದ್ರಿಗಳೂ ದರ್ಜಿ ತಾತನೂ ಓಡಿಬಂದರು. ತಾತ ಕನ್ನಡಕ ಏರಿಸಿ ನೋಡಿ ಕೆಂಡವಾದರು. "ಕರ್ತನ ಮೇಜಿಗೆ ತೇಪೆಯಾ! ಕಾರ್ಖಾನೆಯವರು ನಮ್ಮ ಕಣ್ಣಿಗೆ ಮಣ್ಣೆರಚಿದ್ದಾರೆ. ಕಲ್ಲು ಕತ್ತರಿಸಿದವನೇ ಇದನ್ನ ಮಾಡಿರಬೇಕು, ಕರೆಸಿ ಅವನನ್ನ."

ದೊಡ್ಡಮ್ಮ ಸುಮ್ಮನಿದ್ದರೆ ರೇಡಿಯೋನ ತಲೆಗೆ ಬರುತ್ತಿತ್ತು. ಅವಳು ಮುಂದೆ ಬಂದಳು.

"ಅವನಲ್ಲ ತಾತ. ನಾನೇ."

ಎಲ್ಲವನ್ನೂ ಹೇಳಿದಳು. ಕೊನೆಗೆ, "ಅಯ್ಯಾ, ಇದಕ್ಕೆ ನಿಜವಾಗ್ಲೂ ಅಷ್ಟು ವರ್ಷ ಆಗಿದೆಯಾ?" ಎಂದು ಪಾದ್ರಿಗಳನ್ನು ಕೇಳಿದಳು.

ಪಾದ್ರಿಗಳು ಒದ್ದೆ ನೆಲದಲ್ಲೇ ಮೊಣಕಾಲೂರಿ ಸುರುಳಿಯನ್ನು ನೋಡಿದರು. "ಇದನ್ನ ಓದಿಕೊಂಡವರು ಹಾಗೆ ಹೇಳ್ತಾರಮ್ಮ. ಅವರು ಸುಳ್ಳು ಹೇಳ್ತಿದ್ದಾರೆ ಅಂತ ನನಗೆ ಅನ್ಸಲ್ಲ."

"ಹಾಗಾದ್ರೆ ಆರು ದಿನದ ಸೃಷ್ಟಿ?" ಎಂದರು ತಾತ.

"ನೀವು ಆರು ದಿನ ಅಂದ್ರೆ ಆರು ದಿನ ಅಂತ ಓದ್ತೀರಿ. ನನಗೆ ಕಲಿಸಿದ ಗುರುಗಳು ಒಂದೊಂದು ದಿನವನ್ನ ಒಂದೊಂದು ಯುಗ ಅಂತಿದ್ರು. ನನಗೆ ಆ ಪುಟ, ಯಾರು ಮಾಡಿದ್ರು, ಯಾತಕ್ಕೆ ಮಾಡಿದ್ರು ಅಂತ ಹೇಳುತ್ತೆ. ಎಷ್ಟು ಹೊತ್ತು ಹಿಡೀತು ಅನ್ನೋದನ್ನ ಕಲ್ಲನ್ನ ಕೇಳಿ ತಿಳ್ಕೊಂಡ್ರೆ ತಪ್ಪಿಲ್ಲ."

"ನಾನು ಒಪ್ಪಲ್ಲ."

"ಒಪ್ಪಬೇಡಿ ತಾತ. ನಾಳೆ ಮೇಜಿಗೆ ಮಾತ್ರ ಬನ್ನಿ."

ದೊಡ್ಡಮ್ಮನಿಗೆ ಈ ಮಾತು ಯಾವುದೂ ಸಾಲಲಿಲ್ಲ. "ನನ್ನ ಮಗು?" ಎಂದಳು. ಪಾದ್ರಿಗಳು ಅವಳ ಕಡೆ ತಿರುಗಿದರು.

"ಅವಳನ್ನ ನೋಡ್ತೀಯ ಅನ್ನೋ ಮಾತು ಈ ಕಲ್ಲಿನ ವಯಸ್ಸಿನ ಮೇಲೆ ನಿಂತಿಲ್ಲಮ್ಮ. ಸತ್ತ ಕರ್ತ ಮೂರನೇ ದಿನ ಎದ್ದುಬಂದು ಬರಿದಾದ ಒಂದು ಸಮಾಧಿಯ ಮೇಲೆ ನಿಂತಿದೆ. ಅದು ನಿಜವಾಗಿದ್ರೆ ನಿನ್ನ ಮಗು ಕಳೆದುಹೋಗಿಲ್ಲ."

"ನಿಜ ಅಲ್ದೇ ಇದ್ರೆ?"

"ಆಗ ನಿನ್ನ ಜೊತೆ ನಾನೂ ಹೆದರಬೇಕಾದವನೇ" ಎಂದರು ಅವರು. "ನಿಜ ಅಂತ ನಂಬಿದ್ದೀನಿ. ತೋರಿಸು ಅಂದ್ರೆ ತೋರಿಸೋಕೆ ನನ್ನ ಕೈಯಲ್ಲಿ ಏನಿಲ್ಲ."

ದರ್ಜಿ ತಾತ ಅಂಗಿಯ ಅಂಚನ್ನು ತಿರುಚಿದರು. "ಹೊಲಿಗೆ ತಪ್ಪಿದ್ರೆ ನಾನು ಬಿಚ್ತೀನಿ, ಮುಚ್ಚಲ್ಲ. ಆ ತೇಪೆ ತೆಗಿಯಮ್ಮ. ಆ ಕಡಲ ಹುಳಕ್ಕೆ ಎಷ್ಟು ವರ್ಷ ಅಂತ ಆಮೇಲೆ ಜಗಳ ಆಡೋಣ. ಈ ಮೇಜಲ್ಲಿ ಸುಳ್ಳು ಬೇಡ."

ದೊಡ್ಡಮ್ಮ ಚಿಕ್ಕ ಉಳಿ ತರಿಸಿಕೊಂಡು ಆಗಲೇ ಕೂತಳು. ಒಂದೊಂದೇ ಗೂಡಿನ ತೇಪೆ ಕಿತ್ತಳು. ಅಜ್ಜಿ ಹಾವಿನ ಭಯಕ್ಕೆ ದೂರದಿಂದಲೇ ದೀಪ ಹಿಡಿದರು. ಎಲ್ಲ ತೆಗೆದಾದ ಮೇಲೆ ದೊಡ್ಡಮ್ಮ ಉಗುರಿನ ಬೆನ್ನನ್ನು ಸುರುಳಿಯ ಹೊರಗಿನಿಂದ ಒಳಗಿನವರೆಗೆ ಮೆಲ್ಲಗೆ ಎಳೆದಳು. ಅಲ್ಲಿ ಬಿರುಕಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು. ಮಾರನೇ ದಿನ ರೊಟ್ಟಿಯ ತಟ್ಟೆಯನ್ನು ಅದರ ಪಕ್ಕದಲ್ಲೇ ಇಟ್ಟರು. ತಾತ ಬಂದರು.

ಹೆದರಿಕೆ ಹೋಯಿತೇ ಎಂದು ಮೊನ್ನೆ ಕೇಳಿದೆ. "ಎಲ್ಲಿ ಹೋಗುತ್ತೆ? ಬೆಳಿಗ್ಗೆ ಬೂಟು ಹಾಕೋವಾಗ ಬರುತ್ತೆ. ಆದ್ರೂ ಹಾಕ್ಕೋತೀನಿ. ಅವಳಿಗೀಗ ಹತ್ತೊಂಬತ್ತು" ಎಂದಳು.

ನಾಳೆ ಬೆಳಿಗ್ಗೆ ನಾನು ಈ ಹಾಳೆಗಳನ್ನು ಅವಳಿಗೆ ಓದಿ ಹೇಳುತ್ತೇನೆ. ಅವಳು ಬೇಡವೆಂದ ಸಾಲುಗಳನ್ನು ಹೊಡೆದುಹಾಕಿ, ಉಳಿದದ್ದನ್ನು ಗೆರೆ ಹಾಳೆಯಲ್ಲಿ ನಿಧಾನವಾಗಿ ಬರೆದು ಪಾದ್ರಿಗಳ ಕೈಗೆ ಕೊಡುತ್ತೇನೆ.