ಅಡುಗೆಮನೆಯಿಂದ ಕೇಳಿದ ಪ್ರಶ್ನೆ

ಮಾಳಮಡ್ಡಿಯ ನಮ್ಮ ಮನೆಯ ನಡುಕೋಣೆಯ ಬಾಗಿಲು ಸಂಜೆ ಆರಕ್ಕೆ ಮುಚ್ಚುತ್ತದೆ. ಕಾಲೇಜಿನಿಂದ ಬಂದ ನನ್ನ ಯಜಮಾನರು ಒಳಗೆ ಕೂತು, ಆಸಕ್ತಿಯಿದ್ದ ಹೊಸಬರಿಗೆ ಕಂಪ್ಯೂಟರ್ ನೆಟ್‌ವರ್ಕಿನ ಮೊದಲ ಪಾಠಗಳನ್ನು ಆನ್‌ಲೈನಿನಲ್ಲಿ ಹೇಳುತ್ತಾರೆ. ಹೊರಗೆ ಮೆಂತ್ಯ ಬಿಡಿಸುತ್ತ ನಾನೂ ಕೇಳುತ್ತಿದ್ದೆ. "ಎಂಥಾ ಸಣ್ಣ ಪ್ರಶ್ನಿ ಇದ್ರೂ ಕೇಳ್ರಿ, ನಾಚಬ್ಯಾಡ್ರಿ." ಎಷ್ಟು ಮೆತ್ತಗಿನ ದನಿ! ಬಾಗಿಲು ತೆರೆದು ಊಟಕ್ಕೆ ಬರುವಷ್ಟರಲ್ಲಿ ಆ ದನಿ ಮುಗಿದಿರುತ್ತಿತ್ತು.

ಒಮ್ಮೆ ಬಡಿಸುತ್ತ ಕೇಳಿದೆ. "ಏನ್ರಿ, ಐಪಿ ಅಡ್ರೆಸ್ ಅಂತೀರಲ್ಲ, ನಮ್ಮಿಬ್ಬರ ಫೋನಿಗೂ ಅದು ಒಂದೇ ಏನು?"

"ನಿನಗ್ಯಾಕ ಅದೆಲ್ಲಾ? ಪಲ್ಯಾ ಹಾಕು."

ಹಾಕಿದೆ. ಆದರೆ ನೋಟ್‌ಬುಕ್ಕಿನಲ್ಲಿ ಉತ್ತರದ ಜಾಗ ಖಾಲಿ ಬಿಡಬಾರದೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಬಾಗಿಲಾಚೆಯ ಪಾಠ ಬರೆದಿಡುತ್ತಿದ್ದ ನನ್ನ ಪುಸ್ತಕದಲ್ಲಿ ರೌಟರ್, ಪ್ಯಾಕೆಟ್ ಎಲ್ಲದಕ್ಕೂ ಅರ್ಥ ಬರೆದು, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದೆ. ಐಪಿ ಅಡ್ರೆಸ್ ಮುಂದೆ ಮಾತ್ರ ಬರಿದು.

ಮರುದಿನ ಸಂಜೆ ಕಾಲನಿಯ ವಾಟ್ಸಾಪ್ ಗುಂಪಿನಲ್ಲಿದ್ದ ಅವರ ಪಾಠದ ಲಿಂಕನ್ನು ಅಡುಗೆಮನೆಯಲ್ಲಿ ಒತ್ತಿದೆ. ಹೆಸರಿನ ಜಾಗದಲ್ಲಿ 'ಹೊಸಬರು' ಎಂದು ಬರೆದು, ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಒಂದೂ ತಪ್ಪಿಲ್ಲದೆ ಟೈಪ್ ಮಾಡಿದೆ.

"ಆಹಾ, ಭಾಳ ಛಲೋ ಪ್ರಶ್ನಿ ಕೇಳೀರಿ!" ಅವರ ದನಿ ಮೊದಲು ಬಾಗಿಲಿನಾಚೆಯಿಂದ ಬಂತು, ಒಂದು ಕ್ಷಣ ತಡೆದು ಫೋನಿನಿಂದ. "ಮನಿ ಒಳಗ ಒಂದೊಂದು ಫೋನಿಗೂ ಬ್ಯಾರೆ ಬ್ಯಾರೆ ನಂಬರ್ ಇರ್ತದ. ಹೊರಗಿನವರಿಗೆ ಸಾಮಾನ್ಯವಾಗಿ ಇಡೀ ಮನಿಗೆ ಒಂದೇ ವಿಳಾಸ ಕಾಣ್ತದ. ಯಾರು ಏನು ಕೇಳಿದ್ರು ಅಂತ ರೌಟರ್ ನೆನಪಿಟ್ಟು, ಅವರಿಗೇ ತಂದು ಮುಟ್ಟಿಸ್ತದ."

ಬರೆದುಕೊಳ್ಳುವಾಗ ಕುಕ್ಕರ್ ಸೀಟಿ ಹೊಡೆಯಿತು. ನನ್ನ ಫೋನಿನ ಮೈಕ್ ತೆರೆದೇ ಇತ್ತು.

"ಯಾರದೋ ಮನ್ಯಾಗ ಕುಕ್ಕರ್ ಕೂಗಾಕತ್ತದ. ಮೈಕ್ ಬಂದ್ ಮಾಡ್ರಿ."

"ನಿಮ್ಮ ಮನ್ಯಾಗಿಂದೇ ಇರಬೇಕ್ರಿ ಸರ್," ಯಾರೋ ನಕ್ಕರು.

"ಏ, ನಮ್ಮ ಮನ್ಯಾಗ ಕ್ಲಾಸಿಗೆ ಕೂಡೂವಂಥವ್ರು ಯಾರಿದ್ದಾರ್ರಿ!"

ಮೈಕ್ ಮುಚ್ಚಿದೆ. ಒಲೆ ಸಣ್ಣಗೆ ಮಾಡಿದೆ. ಪಾಠ ಮುಗಿಯುವವರೆಗೆ ಕಟ್ಟೆಗೆ ಒರಗಿ ನಿಂತೇ ಇದ್ದೆ.

ಊಟಕ್ಕೆ ಕೂತಾಗ ಹೇಳಿಬಿಟ್ಟೆ. "ಇವತ್ತಿನ ಆ ಛಲೋ ಪ್ರಶ್ನಿ ನಂದು."

ಅವರ ಕೈ ತಾಟಿನಲ್ಲೇ ನಿಂತಿತು. "ನೀನಾ? ನನ್ನನ್ನೇ ಕೇಳಬೇಕಿತ್ತಲ್ಲ, ಇಲ್ಲೇ ಇದ್ದೆ!"

"ಕೇಳಿದ್ದೆನ್ರಿ."

ಅವರು ಪಲ್ಯದ ಪಾತ್ರೆಯನ್ನು ತಾವೇ ಹತ್ತಿರಕ್ಕೆ ಎಳೆದುಕೊಂಡರು. ರೊಟ್ಟಿ ಮುರಿದರು.